ಸಹಿ ಹಾಕದ ಸಹೋದ್ಯೋಗಿ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಪ್ರೌಢಶಾಲೆಗಳಲ್ಲಿ ನನ್ನೆದುರು ಕುಳಿತು ಓದಿದವರಲ್ಲಿ ಬಹಳಷ್ಟು ಜನ ಇಂದು ಎರಡು ಬಗೆಯ ಉದ್ಯೋಗಗಳಲ್ಲಿದ್ದೀರಿ. ಕೆಲವರು ನನ್ನಂತೆಯೇ ಬಿ.ಎಡ್. ಮುಗಿಸಿ ಶಿಕ್ಷಕರಾದಿರಿ, ಕೆಲವರು ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ಹೋಗಿ ಸಾಫ್ಟ್‌ವೇರ್ ಕಂಪನಿಗಳನ್ನು ಸೇರಿದಿರಿ. ಊರಿಗೆ ಬಂದು ಭೇಟಿಯಾದಾಗ ಈ ಎರಡೂ ಪಂಗಡದವರು ಹೇಳುವ ದೂರು ಮಾತ್ರ ಒಂದೇ: ‘ಸರ್, ಮುಂಜಾನೆ ಎದ್ದರ ಗ್ರೂಪು, ರಾತ್ರಿ ಮಲಗಿದರ ಗ್ರೂಪು.’ ಶಿಕ್ಷಕರಿಗೆ ಕ್ಲಸ್ಟರಿನದೊಂದು, ತಾಲೂಕಿನದೊಂದು, ಬಿಸಿಯೂಟದ್ದೊಂದು ವಾಟ್ಸ್‌ಆ್ಯಪ್ ಗುಂಪು. ಕಂಪನಿಯವರಿಗೆ ಸ್ಲ್ಯಾಕ್ ಅಥವಾ ಮೈಕ್ರೋಸಾಫ್ಟ್ ಟೀಮ್ಸ್. ಹೆಸರು ಬೇರೆಯಾದರೂ ಎಲ್ಲವೂ ನಮ್ಮ ಕಾಲದ ಸ್ಟಾಫ್ ರೂಮೇ. ಈಗ ಆ ಸ್ಟಾಫ್ ರೂಮಿನೊಳಕ್ಕೆ ಎಐ ಸಹಾಯಕವೆಂಬ ಯಂತ್ರವನ್ನು ತಂದು ಕೂರಿಸುವ ಭರಾಟೆ ನಡೆದಿದೆ. ಇದು ಸರಿಯಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಯಂತ್ರವನ್ನು ಮುಟ್ಟಲೇಬೇಡಿ ಎಂದು ಹೇಳಲು ನಾನು ಕುಳಿತಿಲ್ಲ. ಸಹೋದ್ಯೋಗಿಗಳು ಪರಸ್ಪರ ಮಾತನಾಡುವ ಕೋಣೆಗೆ ಅದನ್ನು ಕಾಯಂ ಸದಸ್ಯನನ್ನಾಗಿ ಸೇರಿಸಿಕೊಳ್ಳುವುದಕ್ಕೆ ನನ್ನ ವಿರೋಧ.

ನನ್ನ ವಯಸ್ಸಿನ ಬಂಧುಗಳೂ ಇದನ್ನು ಓದುವುದರಿಂದ ಸ್ವಲ್ಪ ವಿವರ ಹೇಳಬೇಕು. ಸ್ಲ್ಯಾಕ್ ಎಂಬುದು 2014ರಲ್ಲಿ ಸಾರ್ವಜನಿಕ ಬಳಕೆಗೆ ಬಂದ ಕಚೇರಿ ಸಂದೇಶ ವ್ಯವಸ್ಥೆ. ಒಂದೊಂದು ಕೆಲಸಕ್ಕೆ ಒಂದೊಂದು ಚಾನೆಲ್. ಅದರಲ್ಲಿ ಆ ಕೆಲಸದವರ ಮಾತುಕತೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದಿತು. ಅಲ್ಲಿಂದ ಮುಂದೆ ಎರಡು ವರ್ಷ ಕಳೆಯುವಷ್ಟರಲ್ಲಿ ಮೈಕ್ರೋಸಾಫ್ಟಿನವರು ಟೀಮ್ಸ್ ಒಳಗೆ ಕೋಪೈಲಟ್ ಇಟ್ಟರು, ಸ್ಲ್ಯಾಕಿನವರು 2024ರ ಫೆಬ್ರವರಿಯಲ್ಲಿ ತಮ್ಮದೇ ಎಐ ತಂದರು, ಅದೇ ವರ್ಷದ ಜೂನಿನಲ್ಲಿ ಭಾರತದ ವಾಟ್ಸ್‌ಆ್ಯಪಿನಲ್ಲಿ ಮೆಟಾ ಎಐ ಎಂಬ ನೀಲಿ ಉಂಗುರ ಕಾಣಿಸಿಕೊಂಡಿತು. 2024ರ ನವೆಂಬರಿನಲ್ಲಿ ಆಂಥ್ರೋಪಿಕ್ ಎಂಬ ಕಂಪನಿ ಯಾವ ಸಹಾಯಕವನ್ನಾದರೂ ಯಾವ ವ್ಯವಸ್ಥೆಗಾದರೂ ಜೋಡಿಸಲು ಬರುವಂಥ ಒಂದು ಸಾಮಾನ್ಯ ಪದ್ಧತಿಯನ್ನು ಪ್ರಕಟಿಸಿತು. ಎಲ್ಲ ಪ್ಲಗ್ಗಿಗೂ ಹೊಂದುವ ಒಂದೇ ಸಾಕೆಟ್ ಮಾಡಿದಂತಾಯಿತು. ಆ ಬಳಿಕ ಜೋಡಣೆ ಎಂಬುದು ನಾಲ್ಕು ಗುಂಡಿ ಒತ್ತುವ ಕೆಲಸ.

ಯಂತ್ರ ಆ ಕೋಣೆಯಲ್ಲಿ ಕುಳಿತಿರುವುದಿಲ್ಲ. ಅದು ಎಲ್ಲೋ ದೂರದ ದತ್ತಾಂಶ ಕೇಂದ್ರದಲ್ಲಿರುತ್ತದೆ. ಕಂಪನಿಯ ವ್ಯವಸ್ಥೆ ನೋಡಿಕೊಳ್ಳುವ ಅಧಿಕಾರಿ ಅದಕ್ಕೊಂದು ಅನುಮತಿ ಕೊಡುತ್ತಾನೆ: ಹಳೆಯ ಸಂದೇಶಗಳನ್ನು ಓದಬಹುದು, ಹುಡುಕಬಹುದು, ಉತ್ತರ ಬರೆದು ಹಾಕಬಹುದು. ಯಾರಾದರೂ ಪ್ರಶ್ನೆ ಕೇಳಿದೊಡನೆ ಸಂಬಂಧಪಟ್ಟ ಸಂದೇಶಗಳೆಲ್ಲ ಅಲ್ಲಿಗೆ ಹೋಗಿ, ಸಾರಾಂಶವೋ ಉತ್ತರವೋ ಸಿದ್ಧವಾಗಿ ಮರಳಿ ಬರುತ್ತದೆ. ಇದರಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅನುಮತಿ ಕೊಟ್ಟವನು ಅಧಿಕಾರಿ. ಮಾತಾಡಿದವರನ್ನು ಯಾರೂ ಕೇಳಿಲ್ಲ. ಮೂರು ವರ್ಷಗಳ ಹಿಂದೆ ಒಬ್ಬ ಗೆಳೆಯನನ್ನು ನಂಬಿ ಬರೆದ ಮಾತನ್ನು ಇಂದು ಒಂದು ಯಂತ್ರ ಓದುತ್ತದೆಂದು ಆಗ ಬರೆದವನಿಗೆ ಗೊತ್ತಿರಲು ಸಾಧ್ಯವೇ?

ಮುದ್ದೇಬಿಹಾಳ ತಾಲೂಕಿನ ನನ್ನ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನ ಒಂದು ಕಂಪನಿಯಲ್ಲಿದ್ದಾಳೆ. ಅವಳ ತಂಡದಲ್ಲಿ ಏಳು ಜನ. ನಾಲ್ವರು ನಮ್ಮ ಕಡೆಯವರೇ. ಸಹಜವಾಗಿಯೇ ಅವರ ಮಾತುಕತೆ ನಮ್ಮ ಕನ್ನಡದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ನಡೆಯುತ್ತದೆ. ಒಮ್ಮೆ ಸಹೋದ್ಯೋಗಿಯೊಬ್ಬ ‘ಗುರುವಾರದೊಳಗ ಇದು ಮುಗೀತದೇನು?’ ಎಂದು ಕೇಳಿದ. ಇವಳು ‘ಆತು, ನೋಡೋಣ್ರಿ’ ಎಂದು ಬರೆದಳು. ನಮ್ಮ ನಾಲ್ಕು ತಾಲೂಕುಗಳಲ್ಲಿ ‘ಆತು, ನೋಡೋಣ್ರಿ’ ಎಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕೆ? ಮನೆಗೆ ಬಂದ ವರನ ಕಡೆಯವರಿಗೆ ಹಾಗೆ ಹೇಳಿ ಕಳಿಸಿದರೆ ಅವರು ಮರುದಿನವೇ ಬೇರೆ ಕನ್ಯೆ ಹುಡುಕುತ್ತಾರೆ. ಮುಖಕ್ಕೆ ಹೊಡೆದಂತೆ ಇಲ್ಲವೆನ್ನದೆ ಇಲ್ಲವೆನ್ನುವ ಮರ್ಯಾದೆಯ ಮಾತು ಅದು. ಕೇಳಿದ ಹುಡುಗ ಸಿಂದಗಿ ಕಡೆಯವನು, ಅವನಿಗೆ ಅರ್ಥವಾಯಿತು. ಗುಂಪಿಗೆ ಜೋಡಿಸಿದ್ದ ಸಹಾಯಕಕ್ಕೆ ಅರ್ಥವಾಗಲಿಲ್ಲ. ಅಂದಿನ ಸಾರಾಂಶದಲ್ಲಿ ಅದು, ಈಕೆ ಗುರುವಾರದ ಗಡುವಿಗೆ ಒಪ್ಪಿದ್ದಾಳೆಂದು ಚೊಕ್ಕ ಇಂಗ್ಲಿಷಿನಲ್ಲಿ ಬರೆಯಿತು. ಕನ್ನಡ ಬಾರದ ಮೇಲಧಿಕಾರಿ ಸಾರಾಂಶವನ್ನಷ್ಟೇ ಓದಿದ. ಗುರುವಾರ ಸಂಜೆ ‘ಒಪ್ಪಿಕೊಂಡು ಯಾಕೆ ಮಾಡಲಿಲ್ಲ?’ ಎಂಬ ಪ್ರಶ್ನೆ ಬಂದಿತು. ‘ನಾನು ಒಪ್ಪಿಯೇ ಇಲ್ಲ’ ಎಂದರೆ ‘ಸಾರಾಂಶದಲ್ಲಿ ಹಾಗೇ ಇದೆಯಲ್ಲ’ ಎಂಬ ಉತ್ತರ. ತಾನಾಡಿದ ಮಾತಿಗೆ ತಾನೇ ಸಾಕ್ಷಿ ಒದಗಿಸಬೇಕಾದ ಸ್ಥಿತಿ ಅವಳದಾಯಿತು. ‘ಸರ್, ಇಂಗ್ಲಿಷ್ ಬರದಿದ್ದಕ್ಕೆ ಸಣ್ಣಾಕಿ ಇದ್ದಾಗ ಬೈಸಿಕೊಂಡಿದ್ದೆ, ಈಗ ಕನ್ನಡ ಮಾತಾಡಿದ್ದಕ್ಕೆ ಬೈಸಿಕೊಂಡೆ’ ಎಂದು ಫೋನಿನಲ್ಲಿ ನಕ್ಕಳು. ನನಗೆ ನಗು ಬರಲಿಲ್ಲ.

ಯಂತ್ರ ಇನ್ನೂ ಕಲಿಯುತ್ತಿದೆ, ನಾಳೆ ನಮ್ಮ ಕನ್ನಡವನ್ನೂ ಕಲಿತೀತು ಎನ್ನುವಿರಿ. ಕಲಿಯಲಿ, ಸಂತೋಷ. ‘ವರದಿ ಕಳಿಸ್ರಿ’ ಎಂಬುದಕ್ಕೆ ಒಬ್ಬ ಶಿಕ್ಷಕ ‘ಆತ್ರಿ ಸರ’ ಎಂದು ಉತ್ತರಿಸಿದರೆ, ಕಳಿಸಿಯಾಯಿತೆಂದೇ, ಕಳಿಸುತ್ತೇನೆಂದೇ? ಸಂಜೆ ಐದಕ್ಕೆ ‘ಬರತೀನ್ರಿ’ ಎಂದು ಬರೆದವನು ಬರುತ್ತಿದ್ದಾನೋ ಹೊರಟನೋ? ಇದು ಶಬ್ದಕೋಶದಿಂದ ಬಗೆಹರಿಯುವ ಪ್ರಶ್ನೆಯಲ್ಲ. ಹೇಳಿದವನ ಸ್ವಭಾವ, ಕೇಳಿದವನ ಸಲಿಗೆ, ಆ ದಿನದ ಸಂದರ್ಭ ಗೊತ್ತಿದ್ದವನಿಗೆ ಮಾತ್ರ ತಿಳಿಯುತ್ತದೆ. ಸಂಶಯ ಬಂದರೆ ಆ ಮನುಷ್ಯ ‘ಏನಪಾ, ಕಳಿಸಿದಿಯೋ ಕಳಸ್ತಿಯೋ?’ ಎಂದು ತಿರುಗಿ ಕೇಳುತ್ತಾನೆ. ಯಂತ್ರ ಕೇಳದೆಯೇ ಬರೆದುಬಿಡುತ್ತದೆ, ಅದೂ ಸಂಶಯದ ಲವಲೇಶವೂ ಕಾಣದ ಭಾಷೆಯಲ್ಲಿ.

ಇದು ನಮ್ಮಂಥ ಸಾಮಾನ್ಯರಿಗೆ ಮಾತ್ರ ಆಗುವುದೆಂದು ತಿಳಿಯಬೇಡಿ. 2025ರ ಜುಲೈ ತಿಂಗಳಲ್ಲಿ ಹಿರಿಯ ನಟಿ ಬಿ. ಸರೋಜಾದೇವಿಯವರು ತೀರಿಕೊಂಡಾಗ ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂತಿಮ ನಮನ ಸಲ್ಲಿಸಿದ ಸುದ್ದಿಯನ್ನು ಕನ್ನಡದಲ್ಲಿ ಫೇಸ್‌ಬುಕ್ಕಿಗೆ ಹಾಕಲಾಗಿತ್ತು. ಮೆಟಾ ಕಂಪನಿಯ ಯಂತ್ರಾನುವಾದ ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಸ್ವತಃ ಮುಖ್ಯಮಂತ್ರಿಗಳೇ ತೀರಿಕೊಂಡರೆಂದು ಬರೆಯಿತು! ಅವರ ಮಾಧ್ಯಮ ಸಲಹೆಗಾರರು ಕಂಪನಿಗೆ ಪತ್ರ ಬರೆದರು, ಮುಖ್ಯಮಂತ್ರಿಗಳು ಬಹಿರಂಗವಾಗಿ ಆಕ್ಷೇಪಿಸಿದರು, ಕಂಪನಿ ಕ್ಷಮೆ ಕೇಳಿತು. ರಾಜ್ಯದ ಮುಖ್ಯಮಂತ್ರಿ ಬದುಕಿರುವಾಗಲೇ ಸತ್ತರೆಂದು ಬರೆದರೆ ಕ್ಷಮೆ ಕೇಳುವವರಿದ್ದಾರೆ. ಮುದ್ದೇಬಿಹಾಳದ ಹುಡುಗಿ ಒಪ್ಪದೆಯೇ ಒಪ್ಪಿದಳೆಂದು ಬರೆದರೆ ಕೇಳುವವರು ಯಾರು? ಅವಳು ಪತ್ರವನ್ನಾದರೂ ಯಾರಿಗೆ ಬರೆಯಬೇಕು?

ನನ್ನ ವಾದದ ತಿರುಳು ಇಲ್ಲಿಯೇ ಇದೆ. ನಾವು ಕೆಲಸಕ್ಕೆ ಸೇರಿದ ಕಾಲದಲ್ಲಿ ಪ್ರತಿ ಶಾಲೆಯಲ್ಲಿಯೂ ಒಂದು ಸೂಚನಾ ಪುಸ್ತಕವಿರುತ್ತಿತ್ತು. ಮುಖ್ಯಗುರುಗಳು ಅದರಲ್ಲಿ ಸೂಚನೆ ಬರೆದು, ಕೆಳಗೆ ಸಹಿ ಹಾಕಿ, ಸಿಪಾಯಿಯ ಕೈಗೆ ಕೊಡುತ್ತಿದ್ದರು. ಸಿಪಾಯಿ ತರಗತಿಯಿಂದ ತರಗತಿಗೆ ಹೋಗಿ ಪ್ರತಿಯೊಬ್ಬ ಶಿಕ್ಷಕನ ಮುಂದೆ ಹಿಡಿಯುತ್ತಿದ್ದ. ಓದಿ ಸಹಿ ಮಾಡಬೇಕು. ಒಪ್ಪಿಗೆ ಇಲ್ಲದಿದ್ದರೆ ಪಕ್ಕದಲ್ಲಿ ‘ನೋಡಿದೆ, ಸದರಿ ದಿನ ನನಗೆ ಪರೀಕ್ಷಾ ಕೆಲಸವಿದೆ’ ಎಂದು ಬರೆದು ಸಹಿ ಮಾಡುತ್ತಿದ್ದ ಹಟಮಾರಿ ಶಿಕ್ಷಕರನ್ನೂ ನಾನು ಬಲ್ಲೆ. ಆ ಪುಸ್ತಕದ ಒಂದೊಂದು ಸಾಲಿಗೂ ಒಬ್ಬ ಒಡೆಯನಿದ್ದ. ನಾಳೆ ಜಗಳವಾದರೆ ಬೆರಳಿಟ್ಟು ತೋರಿಸಿ ‘ಇದು ನಿಮ್ಮ ಸಹಿಯೇ?’ ಎಂದು ಕೇಳಬಹುದಿತ್ತು. ಎಷ್ಟೇ ಬುದ್ಧಿವಂತನಾದ ಸಿಪಾಯಿಯೂ ಸೂಚನೆಯನ್ನು ತಾನೇ ಸಂಕ್ಷೇಪಿಸಿ ಹೇಳುತ್ತಿರಲಿಲ್ಲ. ಶಿಕ್ಷಕರ ಉತ್ತರವನ್ನು ತಾನೇ ಊಹಿಸಿ ಮುಖ್ಯಗುರುಗಳಿಗೆ ಒಪ್ಪಿಸುತ್ತಿರಲಿಲ್ಲ. ಹಾಗೆ ಮಾಡಿದ್ದರೆ ಮೆಮೊ ಸಿಗುತ್ತಿತ್ತು.

ಹಾಗೆ ನೋಡಿದರೆ ನಮ್ಮ ನಾಡಿಗೆ ಇದು ಹೊಸ ವಿಚಾರವೇನಲ್ಲ. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರೂ ಅವರ ಸಂಗಡಿಗರೂ ಹನ್ನೆರಡನೆಯ ಶತಮಾನದಲ್ಲಿಯೇ ತಂತಮ್ಮ ವಚನಗಳಿಗೆ ಅಂಕಿತವಿಟ್ಟು ಮಾತಾಡಿದರು. ಅಕ್ಕಿ ಆಯ್ದು ಬದುಕಿದ ಲಕ್ಕಮ್ಮನ ಮಾತಿಗೂ ಅವಳದೇ ಅಂಕಿತವಿದೆ. ಅನುಭವದ ಮಾತಿಗೆ ಆಡಿದವರೇ ಹೊಣೆ ಎಂಬ ಪಾಠವನ್ನು ನಾವು ಅವರಿಂದ ಕಲಿತವರು. ಗುಂಪಿಗೆ ಜೋಡಿಸಿದ ಸಹಾಯಕ ಬರೆದ ಸಾಲಿಗೆ ಯಾರ ಅಂಕಿತ? ಯಂತ್ರ ಮಾಡಿದ ಕಂಪನಿ, ಉತ್ತರದಲ್ಲಿ ತಪ್ಪುಗಳಿರಬಹುದು, ಪರೀಕ್ಷಿಸಿಕೊಳ್ಳಿ ಎಂದು ಕೆಳಗೆ ಸಣ್ಣಕ್ಷರಗಳಲ್ಲಿ ಬರೆದು ಕೈತೊಳೆದುಕೊಂಡಿದೆ. ಜೋಡಿಸಿದ ಅಧಿಕಾರಿ ‘ಅದು ಯಂತ್ರ ಹೇಳಿದ್ದು’ ಎನ್ನುತ್ತಾನೆ. ಓದಿದ ಮೇಲಧಿಕಾರಿ ‘ನನಗೆ ಬಂದದ್ದು ಅದೇ’ ಎನ್ನುತ್ತಾನೆ. ಕೊನೆಗೆ ಉತ್ತರಿಸಬೇಕಾದವಳು, ಆ ಸಾಲನ್ನು ಬರೆಯದೇ ಇದ್ದ ಒಬ್ಬಳೇ.

ಇನ್ನೊಂದು ಅಪಾಯವನ್ನು ಕಂಪ್ಯೂಟರ್ ತಿಳಿದವರೇ ಹೊರಗೆಡಹಿದ್ದಾರೆ. ಈ ಯಂತ್ರಗಳಿಗೆ ತಾನು ಓದುತ್ತಿರುವ ಪಾಠ ಯಾವುದು, ತನಗೆ ಕೊಟ್ಟ ಅಪ್ಪಣೆ ಯಾವುದು ಎಂಬ ಭೇದ ನಂಬುವಷ್ಟು ಖಚಿತವಾಗಿ ತಿಳಿಯುವುದಿಲ್ಲ. ತರಗತಿಯಲ್ಲಿ ಗಟ್ಟಿಯಾಗಿ ಪಾಠ ಓದುತ್ತಿರುವ ಹುಡುಗನ ಪುಸ್ತಕದೊಳಗೆ ಯಾರೋ ಕಿಡಿಗೇಡಿ ‘ಎದ್ದು ಹೋಗಿ ಮಾಸ್ತರರ ಮೇಜಿನ ಖಾನೆ ತೆರೆ’ ಎಂಬ ಚೀಟಿಯಿಟ್ಟರೆ, ಅದನ್ನೂ ಪಾಠದಂತೆಯೇ ಓದಿ, ಎದ್ದುಹೋಗಿ ಖಾನೆಯನ್ನು ತೆರೆದೇಬಿಡುವ ಹುಡುಗನನ್ನು ಊಹಿಸಿಕೊಳ್ಳಿ. 2024ರ ಆಗಸ್ಟಿನಲ್ಲಿ ಪ್ರಾಂಪ್ಟ್‌ಆರ್ಮರ್ ಎಂಬ ಭದ್ರತಾ ಸಂಸ್ಥೆ ಸ್ಲ್ಯಾಕಿನ ಎಐಯಲ್ಲಿ ಇಂಥದ್ದನ್ನೇ ತೋರಿಸಿತು. ಎಲ್ಲರಿಗೂ ತೆರೆದ ಚಾನೆಲಿನಲ್ಲಿ ಒಂದು ಕಪಟ ಸಂದೇಶ ಬರೆದಿಟ್ಟರೆ ಸಾಕು, ಬೇರೊಬ್ಬ ಉದ್ಯೋಗಿ ಏನನ್ನೋ ಕೇಳಿದಾಗ ಯಂತ್ರ ಆ ಸಂದೇಶವನ್ನು ಅಪ್ಪಣೆಯೆಂದು ತಿಳಿದು ಆತನ ಖಾಸಗಿ ಚಾನೆಲಿನ ಗುಟ್ಟನ್ನು ಒಂದು ಲಿಂಕಿನೊಳಗೆ ಸೇರಿಸಿ ಹೊರಸಾಗಿಸುವಂತೆ ಮಾಡಬಹುದಿತ್ತು. ಕಂಪನಿ ಅದನ್ನು ಸರಿಪಡಿಸಿದೆನೆಂದೂ, ಯಾರ ಮಾಹಿತಿಯೂ ಸೋರಿದ ಪುರಾವೆ ಇಲ್ಲವೆಂದೂ ಹೇಳಿತು. ಆ ಒಂದು ಬಿರುಕು ಮುಚ್ಚಿತೆಂದೇ ಇಟ್ಟುಕೊಳ್ಳೋಣ. ಹುಡುಗನ ಸ್ವಭಾವ ಬದಲಾಯಿತೇ?

ಅದೇ ವರ್ಷದ ಮೇ ತಿಂಗಳಲ್ಲಿ ಮತ್ತೊಂದು ಗದ್ದಲವಾಗಿತ್ತು. ಗ್ರಾಹಕರ ಮಾಹಿತಿಯನ್ನು ತನ್ನ ಯಂತ್ರಕಲಿಕೆಗೆ ಬಳಸುವ ನಿಯಮ ಸ್ಲ್ಯಾಕಿನಲ್ಲಿ ಮೊದಲಿನಿಂದಲೇ ಇದ್ದುದು, ಬೇಡವೆನ್ನುವ ಸಂಸ್ಥೆಯೇ ಇ-ಮೇಲ್ ಬರೆದು ಹೊರಗುಳಿಯಬೇಕಾಗಿದ್ದುದು ಜನರ ಗಮನಕ್ಕೆ ಬಂದಿತು. ಅದು ಚಾನೆಲ್ ಸಲಹೆ, ಎಮೋಜಿ ಸಲಹೆಗಳಂಥ ಸಣ್ಣ ಕೆಲಸಗಳಿಗಷ್ಟೇ, ಬರೆಯುವ ಎಐಗೆ ಅಲ್ಲ ಎಂದು ಕಂಪನಿ ಸ್ಪಷ್ಟನೆ ಕೊಟ್ಟಿತು. ಸರಿ, ಒಪ್ಪೋಣ. ಆದರೆ ‘ಬೇಡ’ ಎನ್ನುವುದಕ್ಕೆ ಅರ್ಜಿ ಹಾಕಬೇಕು, ‘ಬೇಕು’ ಎನ್ನುವುದಕ್ಕೆ ಸುಮ್ಮನಿದ್ದರೆ ಸಾಕು ಎಂಬ ನ್ಯಾಯ ಯಾವ ಊರಿನದು?

ನನ್ನ ತಂಗಿಯ ಮಗ ಇಂಥದೇ ಒಂದು ಕಂಪನಿಯಲ್ಲಿ ತಂಡದ ಮುಖ್ಯಸ್ಥ. ಜಾಣ, ಒಳ್ಳೆಯವನು, ನನ್ನೊಡನೆ ವಾದಿಸಲು ಹಿಂಜರಿಯದವನು. ಅವನ ವಾದವನ್ನು ಮುಚ್ಚಿಟ್ಟರೆ ಅನ್ಯಾಯವಾದೀತು. ‘ಮಾಮಾ, ಜಾತ್ರಿಗೆ ನಾಲ್ಕು ದಿನ ರಜೆ ಹಾಕಿ ಊರಿಗೆ ಬಂದು ಹೋದರ ಇನ್ನೂರಕ್ಕೂ ಹೆಚ್ಚು ಸಂದೇಶ ಕಾದಿರತಾವ. ಯಂತ್ರ ಐದು ಸಾಲಿನಾಗ ಹೇಳತದ. ಹೊಸದಾಗಿ ಸೇರಿದ ಹುಡುಗರು ಹಳೇ ವಿಷಯ ಕೇಳಲಿಕ್ಕೆ ನಾಚಿಕೋತಾರ. ಯಂತ್ರಕ್ಕ ಕೇಳಲಿಕ್ಕೆ ನಾಚಿಕೆ ಇಲ್ಲ. ಇಂಗ್ಲಿಷ್ ಬರೆಯಲಿಕ್ಕೆ ಅಂಜುವವರಿಗೂ ಅನುಕೂಲ. ಇದರಾಗ ನಿಮಗ ಏನು ತೊಂದರಿ?’

ಇನ್ನೂರು ಸಂದೇಶಗಳ ಮಾತು ಮೊದಲು. ಇನ್ನೂರು ಸಂದೇಶ ಬರುತ್ತಿರುವುದು ರೋಗವಾದರೆ ಸಾರಾಂಶ ಅದರ ಔಷಧವಾಗುವುದಿಲ್ಲ. ಈಗ ಆಗುತ್ತಿರುವುದೇನು? ಎರಡು ಮಾತಿನಲ್ಲಿ ಹೇಳಬಹುದಾದುದನ್ನು ಒಬ್ಬ ತನ್ನ ಯಂತ್ರಕ್ಕೆ ಹೇಳಿ ಎರಡು ಪುಟ ಮಾಡಿಸುತ್ತಾನೆ. ಓದಬೇಕಾದವನು ತನ್ನ ಯಂತ್ರಕ್ಕೆ ಕೊಟ್ಟು ಮತ್ತೆ ಎರಡು ಮಾತು ಮಾಡಿಸುತ್ತಾನೆ. ಹೂರಣವನ್ನು ಹೋಳಿಗೆ ಮಾಡಿ ಮತ್ತೆ ಹೂರಣ ಬಿಡಿಸಿದ ಹಾಗೆ. ನಡುವೆ ತುಪ್ಪವೆಲ್ಲ ವ್ಯರ್ಥ. ಪೂರ್ತಿ ಓದುವವರಿದ್ದಾರೆಂಬ ಭಯವಿದ್ದಾಗ ಬರೆಯುವವನು ಅಳೆದು ತೂಗಿ ಬರೆಯುತ್ತಾನೆ. ಯಾರೂ ಓದುವುದಿಲ್ಲವೆಂದು ಗೊತ್ತಾದ ದಿನ ಆ ಭಯವೂ ಹೋಗುತ್ತದೆ.

ಇಂಗ್ಲಿಷಿನ ಮಾತನ್ನು ನಾನು ಒಪ್ಪುತ್ತೇನೆ, ಪೂರ್ತಿಯಾಗಿ. ಹಳ್ಳಿಯ ಶಾಲೆಯಲ್ಲಿ ಓದಿದ ಹುಡುಗ ತಾನು ಬರೆದ ಇಂಗ್ಲಿಷ್ ಪತ್ರವನ್ನು ಯಂತ್ರಕ್ಕೆ ತೋರಿಸಿ ತಿದ್ದಿಸಿಕೊಂಡು, ತಾನೇ ಓದಿ ನೋಡಿ, ತನ್ನ ಹೆಸರಿನಲ್ಲಿ ಕಳಿಸಿದರೆ ಅದಕ್ಕಿಂತ ಒಳ್ಳೆಯ ಉಪಯೋಗವಿಲ್ಲ. ನಮ್ಮ ಕಾಲದಲ್ಲಿ ಅಂಚೆ ಕಚೇರಿಯ ಮುಂದೆ ಅರ್ಜಿ ಬರೆದುಕೊಡುವವರಿದ್ದರು. ಬರೆದವರು ಅವರಾದರೂ ಹೆಬ್ಬೆಟ್ಟು ನಮ್ಮವರದೇ. ಅದಕ್ಕಾಗಿ ಯಂತ್ರವನ್ನು ಇಡೀ ಗುಂಪಿನೊಳಗೆ ಬಿಡುವ ಅಗತ್ಯವೇನಿದೆ? ಅವನವನ ಮೇಜಿನ ಮೇಲೆ ಇರಲಿ.

ಹೊಸ ಹುಡುಗರ ನಾಚಿಕೆಯ ಮಾತು ಮಾತ್ರ ನನ್ನನ್ನು ಬಹಳ ಹೊತ್ತು ಕಾಡಿತು, ಏಕೆಂದರೆ ಅದು ನನ್ನ ಜೀವಮಾನದ ಕಸುಬಿಗೆ ಸಂಬಂಧಿಸಿದ್ದು. ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಯಲ್ಲಿ ನಿಂತು ನಾನು ಮುಖ್ಯವಾಗಿ ಗಮನಿಸುತ್ತಿದ್ದುದು ಯಾರು ಉತ್ತರ ಹೇಳುತ್ತಾರೆಂಬುದನ್ನಲ್ಲ, ಯಾರು ಪ್ರಶ್ನೆ ಕೇಳುತ್ತಿಲ್ಲವೆಂಬುದನ್ನು. ಕೊನೆಯ ಬೆಂಚಿನ ಹುಡುಗ ಎರಡು ವಾರದಿಂದ ಸುಮ್ಮನಿದ್ದಾನೆಂದರೆ ಮನೆಯಲ್ಲಿ ಏನೋ ಆಗಿದೆ, ಅಥವಾ ಬೀಜಗಣಿತ ಕೈಬಿಟ್ಟಿದೆ. ಬಿ.ಎಡ್. ಮುಗಿಸಿ ಮೊದಲ ಸಲ ಸ್ಟಾಫ್ ರೂಮಿಗೆ ಹೋದಾಗ ನಾನೂ ಹಾಜರಿ ಪುಸ್ತಕದ ಸರಾಸರಿ ತೆಗೆಯುವುದು ಹೇಗೆಂದು ಕೇಳಲು ನಾಚಿದ್ದೆ. ಕೇಳಿದೆ. ಹಿರಿಯ ಗುರುಗಳೊಬ್ಬರು ತೋರಿಸಿಕೊಟ್ಟರು. ಕೇಳಿದ್ದರಿಂದಲೇ ಅವರಿಗೆ ನಾನು ಹೊಸಬ, ಒಬ್ಬಂಟಿ, ರೂಮು ಸಿಗದೆ ಬಸ್ ನಿಲ್ದಾಣದ ಖಾನಾವಳಿಯಲ್ಲಿ ಉಣ್ಣುತ್ತಿದ್ದೇನೆ ಎಂಬುದೂ ತಿಳಿಯಿತು. ಅಂದಿನಿಂದ ಅವರ ಮನೆಯ ರೊಟ್ಟಿ ನನಗೂ ಬರತೊಡಗಿತು. ಪ್ರಶ್ನೆ ಕೇಳುವ ನಾಚಿಕೆಯನ್ನು ದಾಟುವುದೇ ಕೆಲಸಕ್ಕೆ ಸೇರುವುದರ ಮೊದಲ ಹೆಜ್ಜೆ. ಹೊಸಬ ಎಲ್ಲವನ್ನೂ ಯಂತ್ರಕ್ಕೇ ಕೇಳಿದರೆ ಅವನಿಗೆ ಸರಾಸರಿ ತೆಗೆಯುವ ವಿಧಾನ ತಿಳಿದೀತು. ಅವನು ಎಲ್ಲಿ ಎಡವುತ್ತಿದ್ದಾನೆಂಬುದು ಹಿರಿಯರಾರಿಗೂ ತಿಳಿಯದು. ಆರು ತಿಂಗಳಾದ ಮೇಲೆ ಅವನು ಕೆಲಸ ಬಿಟ್ಟು ಹೋದಾಗ ‘ಯಾಕೆ ಹೋದ, ಚೆನ್ನಾಗಿಯೇ ಇದ್ದನಲ್ಲ’ ಎಂದು ಎಲ್ಲರೂ ಬೆರಗಾಗುತ್ತಾರೆ. ಅಳಿಯನಿಗೆ ಇದನ್ನೇ ಹೇಳಿದೆ. ಅವನ ತಂಡದಲ್ಲಿ ಹಾಗೆ ಹೋದವನು ಒಬ್ಬನಿದ್ದನಂತೆ. ಹುಡುಗರು ನಾಚುತ್ತಿದ್ದರೆ ತಂಡದ ಮುಖ್ಯಸ್ಥ ಮಾಡಬೇಕಾದ ಕೆಲಸ ಅವರ ಪಕ್ಕ ಹೋಗಿ ಕೂರುವುದು.

ಈಗ ನನ್ನ ಶಿಕ್ಷಕ ವಿದ್ಯಾರ್ಥಿಗಳ ಕಡೆಗೆ ಬರುತ್ತೇನೆ. ಕಂಪನಿಯವರ ಚಾನೆಲಿನಲ್ಲಿರುವುದು ದೊಡ್ಡವರ ಮಾತು. ನಿಮ್ಮ ಗುಂಪಿನಲ್ಲಿರುವುದೇನು? ಮಕ್ಕಳ ಹೆಸರು, ಜಾತಿ, ಆಧಾರ್ ಸಂಖ್ಯೆ, ವಿದ್ಯಾರ್ಥಿವೇತನದ ಬ್ಯಾಂಕ್ ಖಾತೆ, ಶಾಲೆ ಬಿಟ್ಟ ಹೆಣ್ಣುಮಗುವಿನ ಮನೆಯ ಸ್ಥಿತಿ. ‘ತುರ್ತು, ಇಂದೇ ಕಳಿಸಿ’ ಎಂದು ಮೇಲಿನಿಂದ ಸಂದೇಶ ಬಂದಾಗ ಎಲ್ಲವನ್ನೂ ಪಟ್ಟಿ ಮಾಡಿ ಹಾಕಿಬಿಡುತ್ತೀರಿ. ಈಗ ಕೆಲವರು ಆ ಪಟ್ಟಿಯನ್ನೇ ಎತ್ತಿ ಎಐ ಸಹಾಯಕಕ್ಕೆ ಕೊಟ್ಟು ‘ತಾಲೂಕುವಾರು ಕೋಷ್ಟಕ ಮಾಡು’ ಎನ್ನುತ್ತಿದ್ದೀರೆಂದು ಕೇಳಿದೆ. ಕೋಷ್ಟಕ ಅಂದವಾಗಿ ಬರುತ್ತದೆ, ಅದು ನಿಜ. ಆದರೆ 2025ರ ಜನವರಿ 29ರಂದು ಕೇಂದ್ರದ ಹಣಕಾಸು ಸಚಿವಾಲಯ ತನ್ನ ನೌಕರರಿಗೆ ಚಾಟ್‌ಜಿಪಿಟಿ, ಡೀಪ್‌ಸೀಕ್‌ನಂಥವನ್ನು ಕಚೇರಿಯ ಯಂತ್ರಗಳಲ್ಲಿ ಬಳಸಬೇಡಿರೆಂದು ಸೂಚನೆ ಕೊಟ್ಟಿತು. ಸರಕಾರಿ ದಾಖಲೆಗಳ ಗೋಪ್ಯತೆಗೆ ಅಪಾಯವೆಂಬುದು ಕಾರಣ. ದಿಲ್ಲಿಯ ಕಡತಕ್ಕೆ ಇರುವ ಮಾನ ಇಂಡಿ ತಾಲೂಕಿನ ಎಂಟನೆಯ ತರಗತಿಯ ಹುಡುಗಿಯ ವಿವರಕ್ಕೆ ಇಲ್ಲವೇ? 2023ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ವರ್ಷ ತುಂಬದವರನ್ನು ಮಕ್ಕಳೆಂದೇ ಎಣಿಸಿ, ಅವರ ಮಾಹಿತಿ ಬಳಸಲು ತಂದೆತಾಯಿಗಳ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆಂಬ ತತ್ತ್ವವನ್ನು ಇಟ್ಟುಕೊಂಡಿದೆ. ಸರಕಾರದ ಕೆಲವು ಕೆಲಸಗಳಿಗೆ ವಿನಾಯಿತಿಗಳಿವೆ, ಬಲ್ಲೆ. ವಿನಾಯಿತಿ ಇಲಾಖೆಗೆ ಇರಬಹುದು. ಕೋಷ್ಟಕ ಬೇಗ ಮುಗಿಯಲೆಂಬ ನಿಮ್ಮ ಅವಸರಕ್ಕೆ ಇಲ್ಲ. ಕಬ್ಬು ಕಡಿಯಲು ಹೋದ ತಂದೆತಾಯಿಗಳು ಮಗುವನ್ನು ನಿಮ್ಮನ್ನು ನಂಬಿ ಬಿಟ್ಟುಹೋಗಿದ್ದಾರೆ.

ಆದ್ದರಿಂದ ಇಬ್ಬರಿಗೂ ನಾನು ಕೇಳಿಕೊಳ್ಳುವುದು ಇಷ್ಟು. ಕಂಪನಿಯಲ್ಲಿರುವವರು ಮುಂದಿನ ಸಭೆಯಲ್ಲಿ ಕೈಯೆತ್ತಿ ಮೂರು ಪ್ರಶ್ನೆ ಕೇಳಿ: ಈ ಸಹಾಯಕ ಯಾವ ಯಾವ ಚಾನೆಲುಗಳನ್ನು ಓದುತ್ತದೆ? ಆ ಅನುಮತಿಗೆ ಸಹಿ ಹಾಕಿದವರು ಯಾರು? ಅದರ ಸಾರಾಂಶ ತಪ್ಪಾದರೆ ಉತ್ತರ ಹೇಳುವ ಮನುಷ್ಯ ಯಾರು? ಮೂರನೆಯದಕ್ಕೆ ಒಬ್ಬರ ಹೆಸರು ಬರುವವರೆಗೂ ಬಿಡಬೇಡಿ. ಆ ಮುದ್ದೇಬಿಹಾಳದ ಹುಡುಗಿ ಈ ಪ್ರಶ್ನೆಯನ್ನು ಕೇಳಿದಳು. ಅವಳ ತಂಡದಲ್ಲಿ ಈಗ ಗಡುವಿನ ಒಪ್ಪಿಗೆಯನ್ನು ಸಾರಾಂಶದಿಂದ ತೆಗೆದುಕೊಳ್ಳುವುದಿಲ್ಲ, ಒಪ್ಪಿದವರೇ ಬರೆದು ತಿಳಿಸಬೇಕು.

ಶಿಕ್ಷಕರಾದವರು ನಿಮ್ಮ ಶಾಲೆಯ ವಾಟ್ಸ್‌ಆ್ಯಪ್ ಗುಂಪಿನ ಹೆಸರನ್ನು ಒತ್ತಿ ಸೆಟ್ಟಿಂಗಿನೊಳಗೆ ಹೋಗಿ. ‘ಅಡ್ವಾನ್ಸ್ಡ್ ಚಾಟ್ ಪ್ರೈವಸಿ’ ಎಂಬುದೊಂದು ಇದೆ, 2025ರ ಏಪ್ರಿಲಿನಲ್ಲಿ ಬಂದದ್ದು. ಅದನ್ನು ಚಾಲೂ ಮಾಡಿದರೆ ಗುಂಪಿನ ಸಂದೇಶಗಳನ್ನು ಒಟ್ಟಾಗಿ ಹೊರತೆಗೆಯುವುದೂ ಎಐ ಸೌಲಭ್ಯಗಳಿಗೆ ಬಳಸುವುದೂ ನಿಲ್ಲುತ್ತದೆ. ಯಾರಾದರೂ ಕೈಯಿಂದ ನಕಲಿಸಿ ಹೊರಗೆ ಒಯ್ಯುವುದನ್ನು ಅದು ತಡೆಯಲಾರದು, ಆ ಮಾತು ಬೇರೆ. ಮುಖ್ಯಗುರುಗಳಿಗೆ ಒಂದು ಮಾತು ತಿಳಿಸಿಯೇ ಮಾಡಿ. ಮತ್ತು ಮಕ್ಕಳ ಆಧಾರ್ ಪಟ್ಟಿ ಆ ಗುಂಪಿನಲ್ಲಿ ಇನ್ನೂ ಇದ್ದರೆ ಮೊದಲು ಅದನ್ನು ಅಳಿಸಿ.